ಪಾಜಕದ ವಾಸುದೇವ: ಹುಟ್ಟಿದ ವರ್ಷ, ಗುರುವಿನ ಮನೆತನ, ಸಂತೆಯ ಪಾಠ

ಪ್ರಶ್ನೆ: ಮಧ್ವಾಚಾರ್ಯರು ಹುಟ್ಟಿದ್ದು 1199ರಲ್ಲೋ 1238ರಲ್ಲೋ? ಒಂದೊಂದು ಪುಸ್ತಕ ಒಂದೊಂದು ಹೇಳುತ್ತದೆ.

ಉಡುಪಿ ಬಳಿಯ ಪಾಜಕದಲ್ಲಿ ವಾಸುದೇವ ಎಂಬ ಹೆಸರಿನಿಂದ ಬೆಳೆದ ಮಧ್ವಾಚಾರ್ಯರ ಹುಟ್ಟು 1238 ಎಂದೇ ಇಟ್ಟುಕೊಳ್ಳಿ. 1199 ಎಲ್ಲಿಂದಲೋ ಹಾರಿಬಂದ ಸಂಖ್ಯೆಯಲ್ಲ. ಆಚಾರ್ಯರ ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ, ಕಲಿಯುಗದ 4300 ವರ್ಷ ಕಳೆದ ಮೇಲೆ ಎಂಬ ಮಾತು ಬರುತ್ತದೆ. ಕಲಿಯುಗದ ವರ್ಷವನ್ನು ಕ್ರಿಸ್ತಶಕಕ್ಕೆ ತರಲು ಅದರಲ್ಲಿ 3101 ಕಳೆದರೆ ಸರಿಯಾಗಿ 1199. ತಪ್ಪಾಗುವುದು ಇಲ್ಲೇ: ಶ್ಲೋಕದಲ್ಲಿ ನೂರರ ಲೆಕ್ಕದಲ್ಲಿ ಹೇಳಿದ ಮಾತನ್ನು ಜಾತಕದ ವರ್ಷದಂತೆ ಓದಿಬಿಡುತ್ತೇವೆ.

ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಜನನ ವಿಲಂಬಿ ಸಂವತ್ಸರದ ಆಶ್ವಯುಜ ಶುದ್ಧ ದಶಮಿ, ಅಂದರೆ ವಿಜಯದಶಮಿ. ಇದು ಮಠಗಳ ಪರಂಪರೆ. 2018ರ ಯುಗಾದಿಗೆ ಶುರುವಾದದ್ದು ವಿಲಂಬಿಯೇ. ಅರವತ್ತರ ಸುತ್ತನ್ನು 13 ಸಲ, ಅಂದರೆ 780 ವರ್ಷ, ಹಿಂದಕ್ಕೆ ತಿರುಗಿಸಿದರೆ 1238 ಸಿಗುತ್ತದೆ. 1199 ಸಿದ್ಧಾರ್ಥಿ, ವಿಲಂಬಿ ಅದರ ಹತ್ತಿರಕ್ಕೂ ಬರುವುದಿಲ್ಲ. ಇನ್ನು ಆಚಾರ್ಯರು ಕಣ್ಮರೆಯಾದ ದಿನವಾದ ಮಧ್ವನವಮಿ: ಪಿಂಗಳ ಸಂವತ್ಸರದ ಮಾಘ ಶುದ್ಧ ನವಮಿ. ಆಗ ಆಚಾರ್ಯರಿಗೆ 79 ತುಂಬಿತ್ತು ಎನ್ನುತ್ತಾರೆ. 1317ರ ಯುಗಾದಿಗೆ ಪಿಂಗಳ ಶುರು. ಎರಡು ತುದಿಯೂ ಕೂಡಿಕೊಂಡವು. ಅವರ ಶಿಷ್ಯ ನರಹರಿತೀರ್ಥರ ಶ್ರೀಕೂರ್ಮದ ಶಾಸನ 1281ರದ್ದು. ಅದೂ ಈ ಲೆಕ್ಕದೊಳಗೆ ಆರಾಮವಾಗಿ ಕೂರುತ್ತದೆ.

ಪ್ರಶ್ನೆ: ಬಾಲಕನಿಗೆ ವೇದ ಕಲಿಸಿದವರು ಪೂಗವನದವರು ಎಂದು ಒಂದು ಕಡೆ, ತೋಟಂತಿಲ್ಲಾಯರು ಎಂದು ಇನ್ನೊಂದು ಕಡೆ ಓದಿದೆ. ಇಬ್ಬರು ಗುರುಗಳಿದ್ದರೇ?

ಇಲ್ಲ, ಒಬ್ಬರೇ. ಪೂಗ ಎಂದರೆ ಅಡಿಕೆ; ಪೂಗವನ ಎಂದರೆ ಅಡಿಕೆ ತೋಟ. ತುಳುವಿನಲ್ಲಿ ಇಲ್ಲ್ ಎಂದರೆ ಮನೆ. ತೋಟದ ಮನೆಯವರು ತೋಟಂತಿಲ್ಲಾಯರು. ತಂದೆಯ ಹೆಸರಿನ ಕಥೆಯೂ ಹೀಗೆಯೇ: ನಡುಮನೆಯ ನಡಿಲ್ಲಾಯರು ಸಂಸ್ಕೃತ ಕಾವ್ಯದಲ್ಲಿ ಮಧ್ಯಗೇಹ ಭಟ್ಟರಾದರು, ಉಡುಪಿ ರಜತಪೀಠವಾಯಿತು. ಆಚಾರ್ಯರ ಜೀವನವನ್ನು ಹೇಳುವ ಸಂಸ್ಕೃತ ಕಾವ್ಯ ಸುಮಧ್ವವಿಜಯ ಬರೆದ ನಾರಾಯಣ ಪಂಡಿತಾಚಾರ್ಯರಿಗೆ ಈ ತೊಡಕು ಗೊತ್ತಿತ್ತು. ಅದಕ್ಕೇ ತಮ್ಮ ಕಾವ್ಯಕ್ಕೆ ತಾವೇ ಭಾವಪ್ರಕಾಶಿಕೆ ಎಂಬ ಟಿಪ್ಪಣಿ ಬರೆದು ಊರು, ಮನೆತನಗಳ ದೇಶೀ ಹೆಸರು ಕೊಟ್ಟರು. ಅನುವಾದ ಮಾತ್ರ ಹಿಡಿದು ಓದುವವರಿಗೆ ಒಬ್ಬರೇ ಇಬ್ಬರಾಗಿ ಕಾಣುವುದು ಹೀಗೆ.

ಬೆರೆಸಿಬಿಡುವ ಇನ್ನೊಂದು ಜೋಡಿಯೂ ಇದೆ. ಪುರಾಣ ಕೇಳುತ್ತ ಮಗು ತಿದ್ದಿದ ಪ್ರಸಂಗ ಒಂದಲ್ಲ, ಎರಡು. ಮೊದಲನೆಯದು ತಾಯಿಯೊಡನೆ ನೆಂಟರ ಮನೆಗೆ ಹೋದಾಗಿನದು. ಶಿವ ಎಂಬ ಪೌರಾಣಿಕ ಹೇಳಿದ್ದು ವ್ಯಾಸರ ಅಭಿಪ್ರಾಯಕ್ಕೆ ಹೊಂದದು ಎಂದು ತುಂಬಿದ ಸಭೆಯಲ್ಲಿ ಹೇಳಿದ್ದು. ಎರಡನೆಯದು ತಂದೆಯ ಪ್ರವಚನದಲ್ಲಿ. ಮರಗಳ ಹೆಸರು ವಿವರಿಸುತ್ತ ತಂದೆ ‘ಲಿಕುಚ’ ಎಂಬ ಪದವನ್ನು ಬಿಟ್ಟು ಮುಂದೆ ಹೋದರು; ಮಗ ಅದನ್ನೇ ಹಿಡಿದು ಕೇಳಿದ. ಕವಿಯ ಸ್ವಂತ ಮನೆತನ ಪೆಜತ್ತಾಯ, ಸಂಸ್ಕೃತದಲ್ಲಿ ಲಿಕುಚ! ಕವಿ ಈ ಪ್ರಸಂಗ ಬರೆಯುವಾಗ ಒಳಗೊಳಗೇ ನಕ್ಕಿರಬೇಕು.

ಪ್ರಶ್ನೆ: ಗುರುಕುಲದಲ್ಲಿ ಪಾಠ ಹೇಗೆ ನಡೆಯುತ್ತಿತ್ತು? ಹುಡುಗ ಪಾಠಕ್ಕೆ ಮನಸ್ಸು ಕೊಡುತ್ತಿರಲಿಲ್ಲ ಎನ್ನುವುದು ನಿಜವೇ?

ಸುಮಧ್ವವಿಜಯದ ಮೂರನೆಯ ಸರ್ಗ ಹಾಗೇ ಹೇಳುತ್ತದೆ. ಓಟ, ಜಿಗಿತ, ಈಜು, ಕುಸ್ತಿಯಲ್ಲಿ ಅವನೇ ಮುಂದು; ಗುರುಗಳಿಗೆ ಸಿಟ್ಟು. ಅವರು ಗದರಿದಾಗ, ಪಾದ ಪಾದವಾಗಿ ತುಂಡು ಮಾಡಿ ಹೇಳುವುದು ತನಗೆ ಹಿಡಿಸದು ಎಂದ; ಹೇಳು ನೋಡೋಣ ಎಂದರೆ ಇನ್ನೂ ಪಾಠವಾಗದ ಭಾಗವನ್ನೂ ಒಪ್ಪಿಸಿದ.

ಈ ಉತ್ತರದ ಮೊನೆ ತಿಳಿಯಬೇಕಾದರೆ ಸಂತೆ, ಅಂದರೆ ಗುರು ಹೇಳಿದ್ದನ್ನು ಮತ್ತೆ ಮತ್ತೆ ಹೇಳಿ ವೇದ ಕಲಿಯುವ ಕ್ರಮ, ತಿಳಿದಿರಬೇಕು. ಗುರು ತುಣುಕೊಂದನ್ನು ಒಮ್ಮೆ ಹೇಳುತ್ತಾರೆ, ಶಿಷ್ಯರು ಎರಡು ಸಲ ಹೇಳುತ್ತಾರೆ. ಮೊದಲು ತುಂಡು, ಆಮೇಲೆ ಪಾದ, ಅರ್ಧ ಋಕ್ಕು, ಪೂರ್ಣ ಋಕ್ಕು. ಪುಸ್ತಕ ಇಲ್ಲ, ಉದಾತ್ತ, ಅನುದಾತ್ತ, ಸ್ವರಿತ ಎಂಬ ಮೂರು ಸ್ವರಗಳೂ ಕಿವಿಯಿಂದಲೇ ಬರಬೇಕು. ಒಂದು ಸ್ವರ ಜಾರಿದರೆ ಮತ್ತೆ ಮೊದಲಿನಿಂದ. ಋಗ್ವೇದ ಸಂಹಿತೆಯಲ್ಲಿ 8 ಅಷ್ಟಕ, ಅಷ್ಟಕಕ್ಕೆ 8ರಂತೆ 64 ಅಧ್ಯಾಯ. ವರ್ಷಗಟ್ಟಲೆ ಹಿಡಿಯುವ ಕೆಲಸ. ಒಮ್ಮೆ ಕೇಳಿದರೆ ನಿಲ್ಲುವ ಹುಡುಗನಿಗೆ ಇದು ಬೇಸರವಾಗದೆ ಇರುತ್ತದೆಯೇ? ಅಕ್ಷರಾಭ್ಯಾಸದಲ್ಲೂ ಅದೇ ರಾಗ: ನಿನ್ನೆ ಬರೆದ ಅಕ್ಷರವನ್ನೇ ಇವತ್ತೂ ಏಕೆ ಬರೆಯುತ್ತೀರಿ ಎಂದು ತಂದೆಯನ್ನು ಕೇಳಿದ್ದ.

ಹಾಗೆಂದು ಅವನು ಬಾಯಿಪಾಠವನ್ನೇ ಧಿಕ್ಕರಿಸಿದ ಎಂದು ಮಕ್ಕಳಿಗೆ ಹೇಳಬೇಡಿ. ವೇದದ ಉಚ್ಚಾರಣೆ ಕಲಿಸುವ ಗ್ರಂಥವಾದ ಪಾಣಿನೀಯ ಶಿಕ್ಷೆ ಹೆಸರಿಸುವ ಆರು ಬಗೆಯ ಅಧಮ ಪಾಠಕರಲ್ಲಿ ಬರೆದದ್ದನ್ನು ನೋಡಿ ಓದುವವನೂ ಇದ್ದಾನೆ, ಅರ್ಥ ತಿಳಿಯದೆ ಹೇಳುವವನೂ ಇದ್ದಾನೆ. ಹುಡುಗನ ತಕರಾರು ಎರಡನೆಯವನ ಮೇಲೆ. ಅವನು ಗುರುಗಳಿಗೆ ಕೊಟ್ಟ ದಕ್ಷಿಣೆಯೂ ಅದೇ: ಐತರೇಯ ಉಪನಿಷತ್ತಿನ ಅರ್ಥ. ಇಲ್ಲಿ ಮೂರು ಅಧ್ಯಾಯದ, ಎಲ್ಲರಿಗೂ ಪರಿಚಿತವಾದ ಪಾಠವನ್ನಷ್ಟೇ ನೆನೆಯಬೇಡಿ. ಆಚಾರ್ಯರು ಮುಂದೆ ಭಾಷ್ಯ ಬರೆದದ್ದು ಐತರೇಯ ಆರಣ್ಯಕದ ಎರಡನೆಯ ಮತ್ತು ಮೂರನೆಯ ಆರಣ್ಯಕಗಳಿಗೆ.

ಪ್ರಶ್ನೆ: ವಾಸುದೇವ, ಪೂರ್ಣಪ್ರಜ್ಞ, ಆನಂದತೀರ್ಥ, ಮಧ್ವ: ಯಾವ ಹೆಸರು ಯಾವಾಗಿನದು?

ವಾಸುದೇವ ತಂದೆತಾಯಿ ಇಟ್ಟದ್ದು. ಅಚ್ಯುತಪ್ರೇಕ್ಷರು ಸನ್ಯಾಸ ಕೊಟ್ಟಾಗ ಪೂರ್ಣಪ್ರಜ್ಞ, ವೇದಾಂತ ಪೀಠದಲ್ಲಿ ಕೂರಿಸಿದಾಗ ಆನಂದತೀರ್ಥ. ಮಧ್ವ ಎಂಬುದು ಋಗ್ವೇದದ ಬಳಿತ್ಥಾ ಸೂಕ್ತದ ಆಧಾರದಲ್ಲಿ ಅವರೇ ಬಳಸಿಕೊಂಡ ಹೆಸರು. ಆದ್ದರಿಂದ ಪಾಜಕದ ಕಥೆ ಹೇಳುವಾಗ, ಬೇಯಿಸಿದ ಹುರುಳಿ ತಿಂದ ಮಗುವನ್ನೂ ಹುಣಸೆ ಬೀಜದಿಂದ ತಂದೆಯ ಸಾಲ ತೀರಿಸಿದ ಹುಡುಗನನ್ನೂ ವಾಸುದೇವ ಎಂದೇ ಕರೆಯಿರಿ.