ಚೋಕ್ ತೆಗೆದರೆ ಗಾಡಿ ಬಂದ್? ಮೊದಲು ಸ್ಕ್ರೂಡ್ರೈವರ್ ಕೆಳಗಿಡಿ

ಪ್ರಶ್ನೆ: ನಮ್ಮ ಮನೆ ಅಂಕೋಲಾ ಹತ್ತಿರ. ಹಳೇ ಸ್ಪ್ಲೆಂಡರ್ ಇದೆ, ಕಾರ್ಬರೇಟರಿಂದು. ಮಳೆಗಾಲ ಪೂರ್ತಿ ಮಾಡಿನ ಕೆಳಗೆ ನಿಲ್ಲಿಸಿಟ್ಟಿದ್ದೆ. ಈಗ ಚೋಕ್ ಹಾಕಿದರೆ ಮಾತ್ರ ಓಡುತ್ತದೆ, ತೆಗೆದ ಕೂಡಲೇ ಬಂದ್. ವಿಡಿಯೋ ನೋಡಿ ಏರ್ ಸ್ಕ್ರೂ ತಿರುಗಿಸಿದೆ, ಸರಿಯಾಗಲಿಲ್ಲ. ಎಷ್ಟು ಸುತ್ತು ಇಡಬೇಕು?

ಮಳೆ ಬಿಟ್ಟ ಮೇಲೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ, ಊರಿನ ಹೆಸರು ಮಾತ್ರ ಬೇರೆ. ಕೊನೆಗೆ ಎಲ್ಲರೂ ಕೇಳುವುದು ಎಷ್ಟು ಸುತ್ತು ಅಂತ. ಮೇ ತಿಂಗಳಲ್ಲಿ ಗಾಡಿ ಸರಿಯಾಗಿ ಓಡುತ್ತಿತ್ತು ಅಲ್ವಾ? ಹಾಗಾದರೆ ಆಗ ಸ್ಕ್ರೂ ಸರಿಯಾದ ಜಾಗದಲ್ಲೇ ಇತ್ತು. ನಿಂತ ಗಾಡಿಯಲ್ಲಿ ಅದು ತಾನಾಗಿ ತಿರುಗುವುದಿಲ್ಲ. ತಿರುಗಿಸಿದ್ದು ನೀವು. ಈಗ ಒಂದಿದ್ದ ತೊಂದರೆ ಎರಡಾಗಿದೆ.

ಬದಲಾಗಿದ್ದು ಬೌಲ್‌ನಲ್ಲಿ, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬರೇಟರ್‌ನ ಕೆಳಗಿನ ಬಟ್ಟಲಿನಲ್ಲಿ, ಉಳಿದ ಪೆಟ್ರೋಲ್. ಅದು ನಿಧಾನಕ್ಕೆ ಆವಿಯಾಗಿ ಅಂಟು ಬಿಟ್ಟುಹೋಗುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಕರಾವಳಿಯ ಜುಲೈ ಗಾಳಿಯಲ್ಲಿ ತೇವಕ್ಕೇನು ಬರವೇ? ನೀರು ಪೆಟ್ರೋಲಿಗಿಂತ ಭಾರ, ಬೌಲ್‌ನ ತಳಕ್ಕೆ ಕೂರುತ್ತದೆ, ಜೆಟ್‌ಗಳು (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡುಗಳು) ಪೆಟ್ರೋಲ್ ಎಳೆಯುವುದೂ ಆ ತಳದಿಂದಲೇ. ಜೊತೆಗೆ ಕಾರ್ಬರೇಟರ್‌ನ ಲೋಹ ಸವೆದು ಸುಣ್ಣದಂಥ ಬಿಳಿ ಪುಡಿ ಏಳುತ್ತದೆ. ಐಡ್ಲಿಂಗ್‌ಗೆ, ಅಂದರೆ ರೇಸ್ ಕೊಡದೆ ಎಂಜಿನ್ ಓಡುವುದಕ್ಕೆ, ಪೆಟ್ರೋಲ್ ಕೊಡುವ ಸ್ಲೋ ಜೆಟ್‌ನ ತೂತು ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಕಟ್ಟಿಕೊಳ್ಳಲು ಇಷ್ಟು ಸಾಕು. ಚೋಕ್ ಹಾಕಿದಾಗ ಮಿಶ್ರಣ ದಪ್ಪವಾಗಿ (ಗಾಳಿಗಿಂತ ಪೆಟ್ರೋಲ್ ಪಾಲು ಹೆಚ್ಚಾಗಿ) ಈ ಕೊರತೆ ಮುಚ್ಚಿಹೋಗುತ್ತದೆ, ಅದಕ್ಕೇ ಓಡುತ್ತದೆ. ಅಂದರೆ ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ: ಸ್ಲೋ ಜೆಟ್ ಬ್ಲಾಕ್. ಅದನ್ನು ಬಿಟ್ಟು ಸ್ಕ್ರೂ ತಿರುಗಿಸುವುದು ತೋಟದ ಸ್ಪ್ರಿಂಕ್ಲರ್ ಬಾಯಿ ಕಟ್ಟಿದಾಗ ಗೇಟ್‌ವಾಲ್ವ್ ತಿರುಗಿಸುತ್ತಾ ಕೂತ ಹಾಗೆ.

ಗಾಡಿ ಅಂಗಳಕ್ಕೆ ತನ್ನಿ. ಒಲೆ, ದೇವರ ದೀಪ, ಬೀಡಿ ಯಾವುದೂ ಹತ್ತಿರ ಬೇಡ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ, ಪೆಟ್ರೋಲ್ ಆವಿ ನೆಲದ ಮೇಲೆ ಹರಿದು ಹೋಗಿ ಬೆಂಕಿ ಹುಡುಕುತ್ತದೆ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಬೌಲ್‌ನ ಡ್ರೈನ್ ಸ್ಕ್ರೂ ಸಡಿಲಿಸಿ, ಬಂದಿದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬಿಸಿಲಿಗೆ ಹಿಡಿಯಿರಿ. ತಳದಲ್ಲಿ ಬೇರೆಯಾಗಿ ಗುಂಡು ಗುಂಡು ಹನಿ ಉರುಳಿದರೆ ಅದು ನೀರು. ನೀರು ಕಂಡರೆ ಟ್ಯಾಂಕ್ ಕೂಡ ಖಾಲಿ ಮಾಡಬೇಕು. ಇಲ್ಲದಿದ್ದರೆ ಇವತ್ತು ತೊಳೆದಿದ್ದು ನಾಳೆ ಮತ್ತೆ ಅಷ್ಟೇ.

ಆಮೇಲೆ ಕಾರ್ಬರೇಟರ್ ಇಳಿಸಿ ಬೌಲ್ ಬಿಚ್ಚಿ. ಜೆಟ್ ಹಿತ್ತಾಳೆಯದು, ಮೆತ್ತಗೆ. ಅದರ ಸೀಳಿಗೆ ಸರಿಯಾಗಿ ತುಂಬಿ ಕೂರುವ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಮುಟ್ಟಲೇಬೇಡಿ, ತಲೆ ತಿಂದುಹೋದ ಜೆಟ್ ತೆಗೆಯುವ ಕೆಲಸ ನನಗೂ ಸಿಟ್ಟು ಬರಿಸುತ್ತದೆ. ಹೊರಗೆ ಬಂದ ಜೆಟ್ ಬೆಳಕಿಗೆ ಹಿಡಿಯಿರಿ. ದುಂಡಗೆ, ಚೊಕ್ಕ ಚುಕ್ಕೆ ಕಾಣಬೇಕು. ಮಂಕಾಗಿ ಕಂಡರೂ, ಒಂದು ಕಡೆ ಕಚ್ಚಿದ ಹಾಗೆ ಕಂಡರೂ ಕ್ಲೀನ್ ಆಗಿಲ್ಲ ಅಂತಲೇ ಅರ್ಥ. ಸೇಫ್ಟಿ ಪಿನ್, ಕ್ಲಚ್ ಕೇಬಲ್ ಎಳೆ ಬೇಡ. ಅವು ತೂತು ದೊಡ್ಡದು ಮಾಡುತ್ತವೆ, ಆಮೇಲೆ ಯಾವ ಟ್ಯೂನಿಂಗೂ ನಿಲ್ಲುವುದಿಲ್ಲ. ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಹೊಡೆಯಿರಿ. ಹೋಗದಿದ್ದರೆ ಅತಿ ತೆಳುವಾದ ಗಾಳದ ನೈಲಾನ್ ದಾರ ತೂರಿಸಿ, ಕಾರವಾರದಿಂದ ಭಟ್ಕಳದವರೆಗೆ ಇದು ಸಿಗದ ಊರಿಲ್ಲ.

ಜೆಟ್ ತೊಳೆದರೆ ಮುಗಿಯಲಿಲ್ಲ. ಜೆಟ್ ಕೂರುವ ತೂತಿಗೆ ಕ್ಲೀನರ್ ಹೊಡೆದರೆ ಅದು ಎಂಜಿನ್ ಕಡೆಯ ಬಾಯಲ್ಲಿರುವ ಸೂಜಿಮೊನೆಯಂಥ ತೂತಿನಿಂದ ಹೊರಗೆ ಚಿಮ್ಮಬೇಕು. ಕಣ್ಣಿಗೆ ಕನ್ನಡಕ ಇರಲಿ, ಅದು ಎಲ್ಲಿಂದ ಚಿಮ್ಮುತ್ತದೆ ಹೇಳಲಾಗದು. ಮಿಕ್ಸ್ಚರ್ ಸ್ಕ್ರೂ (ನೀವು ಏರ್ ಸ್ಕ್ರೂ ಅಂದದ್ದು ಇದನ್ನೇ) ಕೂಡ ತೆಗೆಯಬೇಕು. ತೆಗೆಯುವ ಮೊದಲು ಹಗುರಾಗಿ ಒಳಗೆ ಕೂರುವವರೆಗೆ ತಿರುಗಿಸಿ, ಎಷ್ಟು ಸುತ್ತು ಅಂತ ಬರೆದಿಡಿ (ನೀವು ಆಗಲೇ ತಿರುಗಿಸಿಬಿಟ್ಟಿದ್ದೀರಿ, ಹೋಗಲಿ). ಬಿಗಿದರೆ ಮೊನೆ ಹಾಳು. ಎಷ್ಟೋ ಗಾಡಿಗಳಲ್ಲಿ ಸ್ಕ್ರೂ ಹಿಂದೆ ಸ್ಪ್ರಿಂಗ್, ಸಣ್ಣ ವಾಷರ್, ಎಳ್ಳಿಗಿಂತ ಸ್ವಲ್ಪ ದೊಡ್ಡ ಓ-ರಿಂಗ್ ಇರುತ್ತದೆ. ಈ ಓ-ರಿಂಗ್ ತೂತಿನೊಳಗೇ ಅಂಟಿಕೊಂಡಿರುತ್ತದೆ. ಅದನ್ನು ತೆಗೆಯದೆ ಕ್ಲೀನರ್ ಹೊಡೆದರೆ ಉಬ್ಬುತ್ತದೆ, ಗಾಳಿ ಹೊಡೆದರೆ ಹಾರಿ ಅಂಗಳದ ಕೆಂಪು ಮಣ್ಣು ಸೇರುತ್ತದೆ. ಹುಡುಕಿ ನೋಡಿ, ಸಿಕ್ಕರೆ ತಿಳಿಸಿ.

ಈಗ ಟ್ಯೂನಿಂಗ್. ಹತ್ತು ನಿಮಿಷ ಓಡಿಸಿ ಎಂಜಿನ್ ಬಿಸಿ ಮಾಡಿ. ಐಡಲ್ ಸ್ಕ್ರೂನಿಂದ ಸ್ವಲ್ಪ ರೇಸ್ ಏರಿಸಿ, ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಕಾಯಿರಿ, ಮತ್ತೆ ಕಾಲು ಸುತ್ತು. ಎಂಜಿನ್ ಎಲ್ಲಿ ಅತಿ ವೇಗವಾಗಿ, ಒಂದೇ ಸಮ ಓಡುತ್ತದೋ ಅಲ್ಲಿ ಬಿಡಿ, ಐಡಲ್ ಇಳಿಸಿ. ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯದು, ಹೊರಗೆ ತಿರುಗಿಸಿದರೆ ಮಿಶ್ರಣ ತೆಳು. ಎಂಜಿನ್ ಕಡೆ ಇದ್ದರೆ ಪೆಟ್ರೋಲಿಂದು, ಲೆಕ್ಕ ಉಲ್ಟಾ. ನೀವು ನೋಡಿದ ವಿಡಿಯೋದವರು ಇದನ್ನು ಹೇಳಿರಲಿಕ್ಕಿಲ್ಲ. ಸಾಮಾನ್ಯವಾಗಿ ಸ್ಕ್ರೂ ಪೂರ್ತಿ ಒಳಗೆ ಕೂತಲ್ಲಿಂದ ಹೊರಗೆ ಒಂದೂವರೆಯಿಂದ ಎರಡೂವರೆ ಸುತ್ತಿನೊಳಗೆ ಸರಿಯಾಗುತ್ತದೆ. ಮೂರು ದಾಟಿದರೂ ಆಗಲಿಲ್ಲ ಅಂದರೆ ಒಳಗೆ ಇನ್ನೂ ಕಸ ಇದೆ, ಇಲ್ಲವೇ ಕಾರ್ಬರೇಟರ್ ಮತ್ತು ಎಂಜಿನ್ ನಡುವೆ ಗಾಳಿ ಸೋರುತ್ತಿದೆ. ಆ ಜೋಡಣೆ ಮೇಲೆ ಸ್ವಲ್ಪ ನೀರು ಸಿಂಪಡಿಸಿ ನೋಡಿ, ಐಡ್ಲಿಂಗ್ ಬದಲಾದರೆ ಅಲ್ಲೇ ಸೋರಿಕೆ. ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಹೊಡೆದು ಪರೀಕ್ಷೆ ಮಾಡುವವರಿದ್ದಾರೆ. ನಾನಂತೂ ಹೇಳುವುದಿಲ್ಲ.

ಮುಂದಿನ ಮಳೆಗಾಲಕ್ಕೆ ಗಾಡಿ ನಿಲ್ಲಿಸುವಾಗ ಕಾಕ್ ಬಂದ್ ಮಾಡಿ ಬೌಲ್ ಖಾಲಿ ಮಾಡಿಡಿ. ಎರಡು ನಿಮಿಷದ ಕೆಲಸ.

ಪ್ರಶ್ನೆ: ಕುಮಟಾದಿಂದ ಶಿರಸಿಗೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ಗಾಡಿ ಎಳೆಯುವುದಿಲ್ಲ. ಎತ್ತರಕ್ಕೆ ಮೇನ್ ಜೆಟ್ (ಜೋರು ರೇಸ್‌ಗೆ ಪೆಟ್ರೋಲ್ ಕೊಡುವುದು) ಬದಲಿಸಬೇಕೇ?

ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ಲಡಾಖ್‌ನಲ್ಲಿ ಅಲ್ಲ. ಏರ್ ಫಿಲ್ಟರ್, ಕ್ಲಚ್ ಪ್ಲೇಟ್ ನೋಡಿಸಿ. ಹಿಂದಿನ ಬ್ರೇಕ್ ಹಿಡಿದುಕೊಂಡಿದೆಯಾ ಅಂತಲೂ.

ಪ್ರಶ್ನೆ: ಮೇನ್ ಜೆಟ್‌ನಲ್ಲಿ ತಾಮ್ರದ ಎಳೆ ಹಾಕಿದರೆ ಮೈಲೇಜ್ ಜಾಸ್ತಿ ಬರುತ್ತದೆ ಎಂದು ನಮ್ಮೂರ ಮೆಕ್ಯಾನಿಕ್ ಹೇಳುತ್ತಾರೆ. ನನ್ನದು ಆರ್‌ಎಕ್ಸ್ 100.

ಅವರ ಗ್ಯಾರೇಜ್ ಬದಲಿಸಿ. ಎಳೆ ಹಾಕಿದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಕಾಯುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಆದರೆ ಪೆಟ್ರೋಲ್ ಕಡಿಮೆ ಅಂದರೆ ಅದರ ಜೊತೆ ಬರುವ ಆಯಿಲ್‌ಗೂ ಪೆಟ್ಟು. ಫುಲ್ ರೇಸ್‌ನಲ್ಲಿ ಹೋಗುವಾಗ ಪಿಸ್ಟನ್ ಹಿಡಿದು ಹಿಂದಿನ ಚಕ್ರ ಲಾಕ್ ಆಗುತ್ತದೆ, ಹೈವೇ ಮೇಲೆ, ಹಿಂದೆ ಅದಿರಿನ ಲಾರಿ ಇರುವಾಗ. ಮೈಲೇಜ್ ಬೇಕಾದರೆ ಟೈರ್‌ಗೆ ಗಾಳಿ ಹಾಕಿಸಿ, ಚೈನ್ ಸರಿಮಾಡಿ.

ಪ್ರಶ್ನೆ: ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಕೆಳಗೆ ಪೆಟ್ರೋಲ್ ಬಿದ್ದಿರುತ್ತದೆ.

ಫ್ಲೋಟ್ ಪಿನ್ (ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಮೊನೆ) ಸವೆದಿದೆ ಅಥವಾ ಅದರ ಕೆಳಗೆ ಕಸ ಕೂತಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ಬೌಲ್‌ಗೆ ಒಮ್ಮೆ ಹಗುರಾಗಿ ತಟ್ಟಿ ನೋಡಿ. ನಿಲ್ಲದಿದ್ದರೆ ಪಿನ್ ಬದಲಿಸಿ. ಅಲ್ಲಿವರೆಗೆ ರಾತ್ರಿ ಕಾಕ್ ಬಂದ್ ಇರಲಿ, ಗಾಡಿ ಮನೆಯೊಳಗೆ ಬೇಡವೇ ಬೇಡ.

ಪ್ರಶ್ನೆ: ಪೆಟ್ರೋಲಿಗೆ ನುಸಿಗುಳಿಗೆ ಹಾಕಿದರೆ ಪಿಕಪ್ ಬರುತ್ತದೆಯೇ?

ಇಲ್ಲ.

ಪ್ರಶ್ನೆ: 2021ರ ಸ್ಪ್ಲೆಂಡರ್ ಪ್ಲಸ್‌ನಲ್ಲಿ ಏರ್ ಸ್ಕ್ರೂ ಎಲ್ಲಿದೆ? ಎಷ್ಟು ಹುಡುಕಿದರೂ ಸಿಗಲಿಲ್ಲ.

ಅದು ಬಿಎಸ್6 ಗಾಡಿ, ಫ್ಯುಯೆಲ್ ಇಂಜೆಕ್ಷನ್. ಅದರಲ್ಲಿ ಕಾರ್ಬರೇಟರೇ ಇಲ್ಲ. ಹುಡುಕುವಾಗ ಏನೇನು ಬಿಚ್ಚಿದ್ದೀರೋ ಎಲ್ಲ ವಾಪಸ್ ಹಾಕಿ.