ಅವನ ‘ಹೂಂ’ ಒಪ್ಪಿಗೆಯೇ?

ಪ್ರಶ್ನೆ: ನನ್ನ ಮಗನಿಗೆ 23 ವರ್ಷ, ಬೌದ್ಧಿಕ ವೈಕಲ್ಯವಿದೆ. ವಿಶೇಷ ಶಾಲೆ ಮುಗಿಸಿ ಈಗ ಡೇ ಕೇರ್‌ಗೆ ಹೋಗುತ್ತಾನೆ. ಅಲ್ಲಿಯವರು ‘ವ್ಯಕ್ತಿಕೇಂದ್ರಿತ ಯೋಜನೆ’ ಮಾಡೋಣ, ಮನೆಯವರೂ ಬನ್ನಿ ಎಂದಿದ್ದಾರೆ. ಶಾಲೆಯಲ್ಲಿ ವರ್ಷಾವರ್ಷ ಐಇಪಿ (ಒಬ್ಬೊಬ್ಬ ವಿದ್ಯಾರ್ಥಿಗೂ ಮಾಡುವ ಪ್ರತ್ಯೇಕ ಕಲಿಕಾ ಯೋಜನೆ) ಬರೆಯುತ್ತಿದ್ದರು, ಇದೂ ಅದೇ ತಾನೆ? ಅವನಿಗೆ ನಾಲ್ಕೈದು ಪದ ಬಿಟ್ಟರೆ ಮಾತು ಬರುವುದಿಲ್ಲ. ಏನು ಕೇಳಿದರೂ ‘ಹೂಂ’ ಅನ್ನುತ್ತಾನೆ. ಅವನ ಇಷ್ಟ ತಿಳಿಯುವುದು ಹೇಗೆ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅದೇ ಅಲ್ಲಮ್ಮ. ಐಇಪಿ ಸಾಮಾನ್ಯವಾಗಿ ಬಾರದ ಕೆಲಸಗಳಿಂದ ಶುರುವಾಗುತ್ತದೆ. ಯಾವ ಕೆಲಸ ಬರುತ್ತದೆ, ಯಾವುದು ಬಾರದು ಎಂದು ಗುರುತಿಸಲು ವಿಶೇಷ ಶಾಲೆಗಳಲ್ಲಿ ಬಳಸುವ ಎಂಡಿಪಿಎಸ್ ಪಟ್ಟಿಯಲ್ಲಿ 18 ವಿಭಾಗ, ಒಂದೊಂದರಲ್ಲಿ 20ರಂತೆ 360 ಅಂಶಗಳಿವೆ. ಬಾರದ್ದೇ ಮುಂದಿನ ಗುರಿ. ಕಲಿಸುವವರಿಗೆ ಅದು ಬೇಕು, ನಿಜ. ಆದರೆ 23ರ ಹುಡುಗನ ದಿನ ಹೇಗಿರಬೇಕು ಎಂಬುದು ಅದರಲ್ಲಿ ಸಿಗುವುದಿಲ್ಲ.

ವ್ಯಕ್ತಿಕೇಂದ್ರಿತ ಯೋಜನೆಯಲ್ಲಿ ಎರಡು ಪಟ್ಟಿ ಮಾಡುತ್ತಾರೆ: ಅವನಿಗೆ ಯಾವುದು ಮುಖ್ಯ, ಅವನ ಒಳಿತಿಗೆ ಯಾವುದು ಮುಖ್ಯ. ಉದಾಹರಣೆಗೆ, ಫಿಟ್ಸ್ ಮಾತ್ರೆ ಎರಡನೆಯದಕ್ಕೆ ಸೇರಿದ್ದು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತು ಬಸ್ಸು ನೋಡುವುದು ಮೊದಲನೆಯದಕ್ಕೆ. ಹೆತ್ತವರು ಬರೆದು ತರುವ ಪಟ್ಟಿಯಲ್ಲಿ ಎರಡನೆಯದು ಪುಟಗಟ್ಟಲೆ ಇರುತ್ತದೆ, ಮೊದಲನೆಯದಕ್ಕೆ ‘ಟಿವಿ, ಊಟ’ ಎಂದು ಮುಗಿಸಿರುತ್ತಾರೆ.

ಇನ್ನು ಆ ‘ಹೂಂ’. ಟೀ ಕೊಡುವ ಮುಂಚೆ ‘ಟೀ ಬೇಕಾ?’ ಅನ್ನಿ. ಸ್ವಲ್ಪ ಬಿಟ್ಟು ‘ಟೀ ಬೇಡ್ವಾ?’ ಅನ್ನಿ. ಎರಡಕ್ಕೂ ‘ಹೂಂ’ ಬಂದರೆ ಅದು ಉತ್ತರವಲ್ಲ, ಎದುರಿಗಿದ್ದವರನ್ನು ಸಮಾಧಾನಪಡಿಸುವ ಅಭ್ಯಾಸ. ಹಾಗಿದ್ದರೆ ಬಾಯಿಮಾತಿನಲ್ಲಿ ಕೇಳುವುದು ಬಿಡಿ. ಒಂದು ಕೈಲಿ ಟೀ ಲೋಟ, ಇನ್ನೊಂದರಲ್ಲಿ ಹಾಲಿನ ಲೋಟ ಹಿಡಿದು ಸುಮ್ಮನೆ ಹತ್ತು ಸೆಕೆಂಡ್ ಕಾಯಿರಿ. ಮಾರನೆಯ ದಿನ ಕೈ ಅದಲು ಬದಲು ಮಾಡಿ, ಏಕೆಂದರೆ ಕೆಲವರು ಯಾವಾಗಲೂ ಬಲಗೈಯದನ್ನೇ ಮುಟ್ಟುತ್ತಾರೆ. ನಾಲ್ಕೈದು ದಿನ ಒಂದೇ ಲೋಟ ಆರಿಸಿದರೆ ನಂಬಬಹುದು.

ಜೊತೆಗೆ ಎರಡು ವಾರ ಒಂದು ನೋಟ್‌ಬುಕ್ ಇಡಿ, ನಾಲ್ಕು ಕಾಲಂ: ಏನು ನಡೆಯುತ್ತಿತ್ತು, ಅವನು ಏನು ಮಾಡಿದ, ಅದರರ್ಥ ಏನಿರಬಹುದು, ನಾವು ಏನು ಮಾಡಬೇಕು. ‘ಹಟ ಮಾಡಿದ’ ಎಂದು ಬರೆಯಬೇಡಿ; ‘ತಟ್ಟೆ ತಳ್ಳಿದ, ಕೆನ್ನೆ ಹಿಡಿದುಕೊಂಡ’ ಎಂದು ಬರೆಯಿರಿ. ವರ್ತನೆ ದಿಢೀರನೆ ಬದಲಾದರೆ ಮೊದಲು ಹಲ್ಲು, ಕಿವಿ, ಮಲಬದ್ಧತೆ ತೋರಿಸಿ. ನೋವನ್ನು ವೈಕಲ್ಯದ ಖಾತೆಗೆ ಹಾಕಿಬಿಡುವ ತಪ್ಪು ಆಸ್ಪತ್ರೆಗಳಲ್ಲೂ ಆಗುತ್ತದೆ.

ಸಭೆಗೆ ಐದಾರು ಜನ ಸಾಕು. ಫೋಟೊಗಳನ್ನು ಹರಡಿ, ಯಾರು ಬರಬೇಕೆಂದು ಅವನೇ ಎತ್ತಿಕೊಡಲಿ. ಪಕ್ಕದ ಅಂಗಡಿಯವರನ್ನು ಆರಿಸಿದರೆ ಅವರನ್ನೂ ಕರೆಯಿರಿ. ಅವನು ಲವಲವಿಕೆಯಿಂದಿರುವ ಹೊತ್ತು, ಗೋಡೆಗೆ ದೊಡ್ಡ ಹಾಳೆ, ಅದರಲ್ಲಿ ಚಿತ್ರಗಳು, ಹೆಚ್ಚೆಂದರೆ ಒಂದು ಗಂಟೆ. ಎದ್ದುಹೋದರೆ ಸಭೆ ನಿಲ್ಲಿಸಿ. ಅವನಿಲ್ಲದೆ ಮುಂದುವರಿಸಿದರೆ ಅದು ಮತ್ತೆ ಐಇಪಿಯೇ.

ಕೆಡುವುದು ಸಾಮಾನ್ಯವಾಗಿ ಕೊನೆಯ ಹತ್ತು ನಿಮಿಷದಲ್ಲಿ. ಎಲ್ಲರಿಗೂ ಮನೆಗೆ ಹೋಗುವ ಆತುರ, ‘ಸ್ವಾವಲಂಬನೆ ಹೆಚ್ಚಿಸುವುದು’ ಎಂದು ಬರೆದು ಫೈಲು ಮುಚ್ಚುತ್ತಾರೆ. ‘ಮಂಗಳವಾರ, ಶುಕ್ರವಾರ ಸಂಜೆ 5ಕ್ಕೆ ಚಿಕ್ಕಪ್ಪನ ಜೊತೆ ಬಸ್‌ಸ್ಟ್ಯಾಂಡ್, ಆಟೋ ಖರ್ಚು ಮನೆಯದು, ಚಿಕ್ಕಪ್ಪ ಊರಲ್ಲಿಲ್ಲದಿದ್ದರೆ ಅಕ್ಕ’ ಎನ್ನುವಷ್ಟು ಖಚಿತವಾಗಿ ಬರೆಸದೆ ಏಳಬೇಡಿ. ಆರು ವಾರಕ್ಕೆ ಮೊದಲ ಪರಿಶೀಲನೆ.

ಪ್ರಶ್ನೆ: ಬೌದ್ಧಿಕ ವೈಕಲ್ಯವಿರುವ ಮಗಳಿಗೆ 18 ತುಂಬಿತು. ಲೀಗಲ್ ಗಾರ್ಡಿಯನ್ ಪತ್ರ ಸಿಕ್ಕ ಮೇಲೆ ನಿರ್ಧಾರವೆಲ್ಲ ನಮ್ಮದೇ ಅಲ್ಲವೇ?
– ಓದುಗರು, ಹಾಸನ

ಉತ್ತರ: ಅಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಆ ಪತ್ರ ಕೊಡುತ್ತದೆ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್ ಹೇಳುವುದು ಸೀಮಿತ ಪಾಲಕತ್ವ: ಪಾಲಕರೂ ಅವಳೂ ಕೂಡಿ, ಪರಸ್ಪರ ನಂಬಿಕೆಯಿಂದ ನಿರ್ಧರಿಸುವುದು. ಬ್ಯಾಂಕಿನಲ್ಲಿ, ಆಸ್ತಿ ವಿಷಯದಲ್ಲಿ ಪತ್ರ ಬೇಕಾಗಬಹುದು. ಕೂದಲು ಕತ್ತರಿಸಬೇಕೇ, ಮದುವೆಮನೆಗೆ ಬರುತ್ತಾಳೆಯೇ ಎಂಬುದಕ್ಕೆ ಬೇಕಿಲ್ಲ. ಯೋಜನೆಯಲ್ಲಿ ಹಣ, ಚಿಕಿತ್ಸೆ, ಬಟ್ಟೆ, ತಿರುಗಾಟ ಒಂದೊಂದಕ್ಕೂ ಒಂದು ಸಾಲು ಹಾಕಿ: ಅವಳಿಗೆ ಅರ್ಥ ಮಾಡಿಸುವುದು ಹೇಗೆ, ಜೊತೆಗೆ ಯಾರು, ಕೊನೆಯ ಮಾತು ಯಾರದು. ಕೊನೆಯ ಕಾಲಂನಲ್ಲಿ ಎಷ್ಟು ಕಡೆ ಅವಳ ಹೆಸರಿದೆ ಎಂದು ಎಣಿಸಿ.