ಕೋಚ್ ಕೂಗಾಡಿದರೆ ಮಕ್ಕಳು ಗಟ್ಟಿಯಾಗುತ್ತಾರಾ?

ನಿಮ್ಮ ಮಗನಿಗೆ ಹನ್ನೊಂದು ವರ್ಷ, ಕ್ರಿಕೆಟ್ ಕ್ಯಾಂಪಿಗೆ ಹೋಗುತ್ತಾನೆ, ಕೋಚ್ ಸಿಕ್ಕಾಪಟ್ಟೆ ಕೂಗಾಡುತ್ತಾರೆ ಅಂತ ಬರೆದಿದ್ದೀರಿ. ಬೇರೆ ಅಪ್ಪ ಅಮ್ಮಂದಿರು "ಹಾಗಿದ್ದರೇನೇ ಮಕ್ಕಳು ಗಟ್ಟಿಯಾಗೋದು" ಅನ್ನುತ್ತಾರೆ, ಬಿಡಿಸಲಾ ಬೇಡವಾ ಅಂತ ನಿಮ್ಮ ಪ್ರಶ್ನೆ.

ಮೊದಲು ಒಂದು ಕೆಲಸ ಮಾಡಿ. ನಾಳೆ ಮೈದಾನಕ್ಕೆ ಹೋಗಿ ದೂರದಲ್ಲಿ ನಿಂತುಕೊಳ್ಳಿ. ಕೋಚ್‌ನ ನೋಡಬೇಡಿ, ಮಗನನ್ನು ನೋಡಿ. ಕ್ಯಾಚ್ ಬಿಟ್ಟ ಕೂಡಲೇ ಅವನ ಕಣ್ಣು ಎಲ್ಲಿಗೆ ಹೋಗುತ್ತದೆ? ಚೆಂಡಿನ ಕಡೆಗಾ, ಕೋಚ್ ಮುಖದ ಕಡೆಗಾ?

ಇದನ್ನು ಯಾಕೆ ಕೇಳುತ್ತಿದ್ದೇನೆ ಅಂದರೆ, ನನ್ನ ಕಣ್ಣು ಯಾವಾಗಲೂ ಮೇಷ್ಟ್ರ ಕಡೆಗೇ ಹೋಗುತ್ತಿತ್ತು. ನಾನು ಕ್ರಿಕೆಟ್‌ನವನಲ್ಲ, ಖೋ ಖೋದವನು. ಹೋಬಳಿ, ತಾಲ್ಲೂಕು ದಾಟಿ ಜಿಲ್ಲಾ ಮಟ್ಟದವರೆಗೆ ಆಡಿದ್ದೇನೆ. ನಮ್ಮ ಮೊದಲನೇ ಪಿ.ಟಿ. ಮೇಷ್ಟ್ರ ಬಾಯಿ ಊರಿಗೇ ಗೊತ್ತಿತ್ತು. ಖೋ ಬೀಳುವ ಮುಂಚೆ ಎದ್ದರೆ ಫೌಲ್ ಅಲ್ವಾ? ನನಗೆ ಅದೇ ಚಾಳಿ. ಪ್ರತಿ ಸಲ "ದನ ಕಾಯೋಕೆ ಹೋಗು" ಅಂತ ಬೈಗುಳ. ಅವರ ಮುಖ ನೋಡಿ ತಿರುಗುವಷ್ಟರಲ್ಲಿ ಓಡುವವನು ಕಂಬ ದಾಟಿ ಆಚೆ ಹೋಗಿರುತ್ತಿದ್ದ. ಒಂದು ತಪ್ಪಿಗೆ ಇನ್ನೊಂದು ತಪ್ಪು ಸೇರುತ್ತಿತ್ತು. ಎರಡು ವರ್ಷ ಬೈಸಿಕೊಂಡರೂ ಚಾಳಿ ಹೋಗಲಿಲ್ಲ.

ಅವರಿಗೆ ವರ್ಗಾವಣೆಯಾಗಿ ಇನ್ನೊಬ್ಬರು ಬಂದರು. ಮೊದಲ ದಿನವೇ ನಾನು ಫೌಲ್ ಮಾಡಿದೆ. ಅವರು ಆಟ ನಿಲ್ಲಿಸಲಿಲ್ಲ. ಸಂಜೆ ಕರೆದು "ಯಾಕಪ್ಪಾ ಬೇಗ ಏಳ್ತೀಯ?" ಅಂತ ಕೇಳಿದರು. ಅಲ್ಲಿಯವರೆಗೆ ಯಾರೂ ಆ 'ಯಾಕೆ' ಕೇಳಿರಲಿಲ್ಲ. ಯೋಚಿಸಿದಾಗ ಗೊತ್ತಾಯಿತು, ನಾನು ಓಡುವವನ ಕಾಲು ನೋಡಿ ಏಳುತ್ತಿದ್ದೆ, ಖೋ ಕೇಳಿಸಿಕೊಂಡು ಅಲ್ಲ. ಒಂದು ವಾರ ಕಣ್ಣು ಮುಚ್ಚಿಸಿ ಕೂರಿಸಿದರು. ಬೆನ್ನಿಗೆ ಕೈ ಬಿದ್ದು, ಕಿವಿಗೆ ಖೋ ಬಿದ್ದ ಮೇಲಷ್ಟೇ ಏಳಬೇಕು. ಅಷ್ಟಕ್ಕೇ ಸರಿಹೋಯಿತು. ಅವರೇನೂ ಮೆದು ಮನುಷ್ಯರಲ್ಲ, ಐದು ನಿಮಿಷ ತಡವಾಗಿ ಬಂದರೆ ಆ ದಿನ ಮೈದಾನಕ್ಕೇ ಸೇರಿಸುತ್ತಿರಲಿಲ್ಲ.

ಶಿಸ್ತು ಬೇರೆ, ಅವಮಾನ ಬೇರೆ. 2016ರ ರಿಯೊ ಒಲಿಂಪಿಕ್ಸ್‌ಗೆ ಮುಂಚೆ ಬ್ಯಾಡ್ಮಿಂಟನ್ ಕೋಚ್ ಗೋಪಿಚಂದ್ ಅವರು ತಮ್ಮ ಶಿಷ್ಯೆ ಸಿಂಧು ಅವರ ಫೋನನ್ನೇ ತೆಗೆದಿಟ್ಟಿದ್ದರು. ಬೆಳ್ಳಿ ಪದಕ ಬಂದ ಮೇಲೆ, ಇನ್ನು ಫೋನ್ ವಾಪಸ್, ಐಸ್‌ಕ್ರೀಮನ್ನೂ ತಿನ್ನಬಹುದು ಅಂದರು. ಕಟ್ಟುನಿಟ್ಟೇ, ಆದರೆ ಯಾತಕ್ಕೆ ಅನ್ನೋದು ಇಬ್ಬರಿಗೂ ಗೊತ್ತಿತ್ತು.

ಇದೆಲ್ಲ ನನ್ನೊಬ್ಬನ ಅನುಭವ ಅಂದುಕೊಂಡಿದ್ದೆ. ಆಮೇಲೆ ಅಮೆರಿಕದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮೋಲ್ ಎಂಬ ಮನಶ್ಶಾಸ್ತ್ರಜ್ಞರ ಕೆಲಸದ ಬಗ್ಗೆ ಓದಿದೆ. ಮಕ್ಕಳ ಬೇಸ್‌ಬಾಲ್ ಕೋಚ್‌ಗಳಲ್ಲಿ ಕೆಲವರಿಗೆ ಅವರು ಒಂದು ಚಿಕ್ಕ ತರಬೇತಿ ಕೊಟ್ಟರು. ಮಗು ತಪ್ಪು ಮಾಡಿದಾಗ ಬೈಯುವ ಬದಲು ಧೈರ್ಯ ಹೇಳಿ, ಹೇಗೆ ಸರಿ ಮಾಡಬೇಕು ಅಂತ ತೋರಿಸಿ, ಪ್ರಯತ್ನ ಪಟ್ಟಾಗ ಮೆಚ್ಚಿಕೊಳ್ಳಿ. ಮುಖ್ಯವಾಗಿ ಇಷ್ಟೇ. 1992ರಲ್ಲಿ ಬಂದ ಫಲಿತಾಂಶ ನೋಡಿ: ಆ ಕೋಚ್‌ಗಳ ಕೈಕೆಳಗೆ ಆಡಿದ ಮಕ್ಕಳಲ್ಲಿ ಮುಂದಿನ ವರ್ಷ ಆಟ ಬಿಟ್ಟವರು ಶೇ 5, ಉಳಿದ ಕೋಚ್‌ಗಳ ಮಕ್ಕಳಲ್ಲಿ ಶೇ 26. ಪಂದ್ಯ ಗೆಲ್ಲುವುದರಲ್ಲಿ ಮಾತ್ರ ಎರಡೂ ಕಡೆ ಅಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಆ ತರಬೇತಿ ಇಲ್ಲದವರು ಜಾಸ್ತಿಯೇನೂ ಗೆಲ್ಲಲಿಲ್ಲ, ಮಕ್ಕಳನ್ನು ಕಳೆದುಕೊಂಡರು ಅಷ್ಟೇ.

ನೀವು ಕ್ರಿಕೆಟ್ ಕೇಳಿದ್ದರಿಂದ ನಮ್ಮ ದ್ರಾವಿಡ್ ಹೆಸರು ಹೇಳದೆ ಹೇಗಿರಲಿ. 2018ರಲ್ಲಿ ಅವರು ಕೋಚ್ ಆಗಿದ್ದ ಭಾರತ ತಂಡ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತು. ಎಲ್ಲರಿಗೂ ಒಂದೇ ಸಮ ಇರಲಿ ಅಂತ ಅವರು ಕೇಳಿಕೊಂಡರು, ಕೊನೆಗೆ ಅವರಿಗೂ ಸಿಬ್ಬಂದಿಗೂ ತಲಾ 25 ಲಕ್ಷವಾಯಿತು. ಆ ಹುಡುಗರು ಅವರಿಂದ ಕವರ್ ಡ್ರೈವ್ ಕಲಿತರೋ ಇಲ್ಲವೋ, ಇದನ್ನಂತೂ ನೋಡಿದರು.

ಇನ್ನು ನಿಮ್ಮ ವಿಷಯ. ಕೋಚ್ ಹತ್ತಿರ ಒಮ್ಮೆ ಕೂತು ಮಾತಾಡಿ, ಆದರೆ ಮಗನ ಎದುರಿಗೆ ಬೇಡ. "ಯಾಕೆ ಬೈತೀರಿ" ಅನ್ನಬೇಡಿ. "ಅವನು ಎಲ್ಲಿ ತಪ್ಪುತ್ತಿದ್ದಾನೆ, ಮನೇಲಿ ಏನು ಅಭ್ಯಾಸ ಮಾಡಿಸಲಿ?" ಅಂತ ಕೇಳಿ. ನಿಜವಾಗಿ ಗಮನಿಸುವವರು ಹತ್ತು ನಿಮಿಷ ಹೇಳುತ್ತಾರೆ. ಬರೀ ಕೂಗುವವರ ಹತ್ತಿರ ಉತ್ತರವೇ ಇರುವುದಿಲ್ಲ. ಅಂಥವರಾದರೆ ಬಿಡಿಸಿ, ಕಟ್ಟಿದ ಫೀಸಿನ ಮುಖ ನೋಡಬೇಡಿ. ಹೊಡೆಯುವುದು, ಒಬ್ಬನನ್ನೇ ಎಲ್ಲಿಗೋ ಕರೆಯುವುದು, ಮನೇಲಿ ಹೇಳಬೇಡ ಅನ್ನುವುದು ಕಂಡರೆ ಮಾತುಕತೆಯೂ ಬೇಡ. ಅವತ್ತೇ ಬಿಡಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ಈಗ ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಮಕ್ಕಳಿಗೆ ನಾನೂ ಖೋ ಖೋ ಹೇಳಿಕೊಡುತ್ತೇನೆ. ಕಳೆದ ತಿಂಗಳು ಒಂದು ಹುಡುಗಿ ಮೂರನೇ ಸಲ ಬೇಗ ಎದ್ದಳು. ನನ್ನ ಬಾಯಿಂದ "ದನ ಕಾಯೋಕೆ ಹೋಗು" ಅಂತ ಬಂದೇ ಬಿಟ್ಟಿತು. ಇಪ್ಪತ್ತೈದು ವರ್ಷದ ಮೇಲೂ ಅದೇ ಮಾತು, ಅದೇ ದನಿ. ಹುಡುಗಿ ತಿರುಗಿ ನನ್ನ ಮುಖ ನೋಡಿದಳು. ಓಡುವವಳು ಕಂಬ ದಾಟಿ ಹೋದಳು.